ಡೈರಿ ಸಾಲಿನಲ್ಲಿ ಏಲಕ್ಕಿ ವಾಸನೆ

ನನಗೆ ಚಿಕ್ಕಂದಿನಿಂದಲೂ ಭಯ ಜಾಸ್ತಿ. ಹಲ್ಲಿ ಲೊಚಗುಟ್ಟಿದರೂ ಎದೆ ಡವಡವ ಅನ್ನುತ್ತದೆ. ಊರವರು ಇದನ್ನು ನಂಬುವುದಿಲ್ಲ, ಯಾಕೆಂದರೆ ನನ್ನ ಬಾಯಿ ಜೋರು. ಹೆದರುಪುಕ್ಕಲರ ಬಾಯೇ ಜೋರಾಗಿರುತ್ತದೆ ಅನ್ನುವುದು ನನಗೊಬ್ಬಳಿಗೇ ಗೊತ್ತಿದ್ದ ಗುಟ್ಟು.

ಟೇಕಲ್ ಬೆಟ್ಟ ಕಾಣುವಷ್ಟು ದೂರದಲ್ಲಿರುವ ನಮ್ಮೂರಿನಲ್ಲಿ ಹೆಂಗಸರೇ ನಡೆಸುವ ಹಾಲಿನ ಡೈರಿ ಇದೆ. ಬೆಳಿಗ್ಗೆ ಸಂಜೆ ಅಲ್ಲಿ ಹಾಲು ಪರೀಕ್ಷೆ ಮಾಡಿ ತೆಗೆದುಕೊಳ್ಳುವವಳು ನಾನು. ಲ್ಯಾಕ್ಟೋಮೀಟರ್ ಇದೆ, ಫ್ಯಾಟ್ ನೋಡುವ ಮಿಷನ್ ಇದೆ. ಆದರೆ ಜನ ಹೆದರುವುದು ನನ್ನ ಮೂಗಿಗೆ. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಹೇಳಿಬಿಡುತ್ತೇನೆ, ಇದು ಬೆಳಗಿನ ಹಾಲು ಬೆರೆಸಿದ್ದು, ಇದು ತೊಳೆಯದ ಕ್ಯಾನಿನದು ಅಂತ. ಹೇಳಿ ವಾಪಸ್ ಕಳಿಸುತ್ತೇನೆ.

ಹಾಲು ವಾಪಸ್ ಬರುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಸಂಜೆ ಐದೂವರೆಗೆ ಇಡೀ ಊರು ಡೈರಿ ಮುಂದೆ ಸಾಲು ನಿಂತಿರುತ್ತದೆ. ಅಷ್ಟು ಜನರ ಎದುರಿಗೆ ತುಂಬಿದ ಕ್ಯಾನು ಹಿಡಿದುಕೊಂಡು ಮನೆಗೆ ನಡೆಯಬೇಕು. ಯಾರೂ ಏನೂ ಅನ್ನುವುದಿಲ್ಲ, ಸುಮ್ಮನೆ ದಾರಿ ಬಿಡುತ್ತಾರೆ. ಆ ದಾರಿ ಬಿಡುವುದಿದೆಯಲ್ಲ, ಅದಕ್ಕಿಂತ ಬೈದರೇ ವಾಸಿ.

ಇದು ಎರಡು ವರ್ಷದ ಹಿಂದಿನ ಮಾತು. ಅವರೆಕಾಯಿ ಕಾಲ. ಹೈಸ್ಕೂಲಿನ ಹಿಂದೆ ಹೊಂಗೆಮರದ ಕೆಳಗೆ ನಾಲ್ಕು ಮಕ್ಕಳು ಕೋಲಾ ಬಾಟಲಿಗೆ ಪ್ಯಾಕೆಟ್ ಎಣ್ಣೆ ಬೆರೆಸಿ ಕುಡಿದು ಬಿದ್ದಿದ್ದರು. ಎಂಟನೇ ಕ್ಲಾಸು, ಒಂಬತ್ತನೇ ಕ್ಲಾಸಿನ ಮಕ್ಕಳು. ಎಣ್ಣೆ ಅಂದರೆ ಅಡುಗೆ ಎಣ್ಣೆಯಲ್ಲ ಅಂತ ಬಿಡಿಸಿ ಹೇಳಬೇಕಿಲ್ಲವಷ್ಟೆ. ಅವರನ್ನು ಎತ್ತಿ ಕೂರಿಸಿ ಮುಖಕ್ಕೆ ನೀರು ಹಾಕುವಾಗ ಒಬ್ಬ ನನ್ನ ಮುಖ ನೋಡಿ ನಕ್ಕ. ಕಣ್ಣು ನನ್ನ ಕಡೆಗಿತ್ತು, ಆದರೆ ನಾನು ಅವನಿಗೆ ಕಾಣುತ್ತಿರಲಿಲ್ಲ. ನಾನು ಎತ್ತಿ ಆಡಿಸಿದ ಮಗು ಅದು. ಅವತ್ತಿನಿಂದ ನನಗೆ ಅನ್ನ ಸರಿಯಾಗಿ ಸೇರಲಿಲ್ಲ. ನನ್ನ ಮಗಳೂ ಒಂಬತ್ತನೇ ಕ್ಲಾಸಿನಲ್ಲೇ ಓದುತ್ತಿದ್ದಳು. ಅವಳು ಸ್ಕೂಲಿನಿಂದ ಬಂದು ಚೀಲ ಇಡುವ ಮೊದಲೇ ಹತ್ತಿರ ಹೋಗಿ ಮೂಸಿ ನೋಡುವುದು ನನಗೆ ಚಟವಾಗಿಹೋಯಿತು.

ವೈನ್ ಶಾಪು ಇರುವುದು ಊರಾಚೆಯ ಮೇನ್ ರೋಡಿನಲ್ಲಿ. ಆದರೆ ಮಕ್ಕಳ ಕೈಗೆ ಪ್ಯಾಕೆಟ್ ಸಿಗುತ್ತಿದ್ದದ್ದು ಊರೊಳಗಿನ ಎರಡು ಚಿಲ್ಲರೆ ಅಂಗಡಿಗಳಲ್ಲಿ, ಬಿಸ್ಕತ್ ಡಬ್ಬಿಗಳ ಹಿಂದೆ. ಡೈರಿ ಹೆಂಗಸರೆಲ್ಲ ಪೊರಕೆ ಹಿಡಿದುಕೊಂಡೇ ಹೋದೆವು. ಇಬ್ಬರು ಅಂಗಡಿಯವರೂ ಕೈ ಮುಗಿದರು, ಒಬ್ಬ ಕಣ್ಣೀರನ್ನೂ ಹಾಕಿದ. ಎಂಟು ದಿನ ಕಳೆಯುವಷ್ಟರಲ್ಲಿ ಡಬ್ಬಿಗಳ ಜಾಗ ಬದಲಾಗಿತ್ತು, ಅಷ್ಟೇ. ಸ್ಟೇಷನ್ನಿಗೆ ಅರ್ಜಿ ಕೊಟ್ಟೆವು. ಅವರು ಬಂದು ನೋಡಿದ ದಿನ ಡಬ್ಬಿಯ ಹಿಂದೆ ಬರೀ ಗೋಡೆಯಿತ್ತು.

ಆಮೇಲೆ ಡೈರಿ ಜಗಲಿಯ ಮೇಲೆ ಮೀಟಿಂಗ್ ಮಾಡಿದೆವು. ಅವತ್ತು ಆ ಮಾತು ಆಡಿದವಳು ನಾನೇ. ಬೇರೆಯವರ ತಲೆಗೆ ಕಟ್ಟುವುದಕ್ಕೆ ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ. ‘ಸಂಜೆ ಹಾಲನ್ನ ಹೈಸ್ಕೂಲ್ ಮಕ್ಳ ಕೈಲೇ ಕಳಿಸ್ಬೇಕು. ನಾನು ಒಬ್ಬೊಬ್ಬರ ಬಾಯಿ ಮೂಸಿ ನೋಡ್ತೀನಿ. ಯಾರ ಬಾಯಲ್ಲಿ ಎಣ್ಣೆ ವಾಸ್ನೆ ಬಂತೋ ಆ ಮನೆ ಹಾಲು ಮೂರು ದಿನ ತಗೊಳ್ಳಲ್ಲ. ಅಪ್ಪ ಅಮ್ಮನಿಗೆ ಬಿಸಿ ಮುಟ್ಟಿದ್ರೆ ಮಕ್ಳು ತಾವಾಗೇ ದಾರಿಗೆ ಬರ್ತಾರೆ’ ಅಂದೆ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಜಗಲಿಯ ಕೆಳಗೆ ತಮ್ಮ ಗೂಡ್ಸ್ ಆಟೋಗೆ ಒರಗಿಕೊಂಡು ಚಾಚಾ ನಿಂತಿದ್ದರು. ದಿನಾ ನಮ್ಮ ಕ್ಯಾನುಗಳನ್ನು ಸಾಗಿಸುವವರು ಅವರು. ಅವರ ಮುತ್ತಾತನ ಕಾಲದಿಂದಲೂ ಅವರ ಮನೆ ನಮ್ಮೂರಿನಲ್ಲೇ ಇದೆ. ಮೀಟಿಂಗಿನಲ್ಲಿ ಬಾಯಿ ಹಾಕುವವರಲ್ಲ, ಅವತ್ತು ಹಾಕಿದರು.

‘ಅಮ್ಮಾ, ಒಂದ್ ಮಾತ್ ಹೇಳ್ಲಾ? ಹಾಲು ನಿಲ್ಸಿದ್ರೆ ಮಕ್ಳು ಕುಡಿಯೋದು ನಿಲ್ಲಲ್ಲ. ಮನೇವ್ರು ನಿಮಗೆ ಹೇಳೋದು ನಿಲ್ತದೆ.’

‘ಚಾಚಾ, ನೀವು ಕ್ಯಾನ್ ನೋಡ್ಕೊಳ್ಳಿ ಸಾಕು. ಮಕ್ಳ ವಿಷ್ಯ ತಾಯಂದಿರಿಗೆ ಬಿಡಿ’ ಅಂದೆ.

‘ಆಯ್ತಮ್ಮಾ’ ಅಂದು ಅವರು ಕ್ಯಾನುಗಳಿಗೆ ಹಗ್ಗ ಬಿಗಿಯುವುದಕ್ಕೆ ಹೋದರು.

ಮೊದಲ ವಾರದಲ್ಲೇ ಒಂದು ಮನೆ ಸಿಕ್ಕಿಬಿತ್ತು. ಹುಡುಗನ ಬಾಯಿ ಮೂಸಿದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ‘ಈ ಮನೆ ಹಾಲು ಮೂರು ದಿನ ಬೇಡ’ ಅಂದೆ. ಹುಡುಗ ಕ್ಯಾನು ಎತ್ತಿಕೊಂಡು ಹೋದ. ಮೂರು ದಿನ ಆ ಮನೆಯ ಹೆಂಗಸು ಹೊಸಲಿನಾಚೆ ಬರಲಿಲ್ಲ. ಹಸು ಕರೆಯದೆ ಇರುವುದಕ್ಕಾಗುತ್ತದೆಯೇ? ಕರೆದ ಹಾಲನ್ನೆಲ್ಲ ಹೆಪ್ಪು ಹಾಕಿ, ಮೊಸರು ಹುಳಿಯಾಗಿ, ಕೊನೆಗೆ ಹಿತ್ತಿಲಿಗೆ ಚೆಲ್ಲಿದಳು ಅಂತ ಕೇಳಿದೆ. ಆಗಲಿ, ಬುದ್ಧಿ ಬರಲಿ ಅಂತಲೇ ನಾನು ಅಂದುಕೊಂಡದ್ದು.

ಎರಡನೇ ವಾರ ಒಂದು ವಿಚಿತ್ರ ಶುರುವಾಯಿತು. ಮಕ್ಕಳ ಬಾಯಲ್ಲಿ ಏಲಕ್ಕಿ ವಾಸನೆ. ಮೊದಲು ಒಬ್ಬ, ಮಾರನೇ ದಿನ ಮೂವರು, ಆಮೇಲೆ ಸಾಲಿನ ಅರ್ಧ ಮಕ್ಕಳು. ಏಲಕ್ಕಿ ಇಲ್ಲದಿದ್ದರೆ ಲವಂಗ, ಅದೂ ಇಲ್ಲದಿದ್ದರೆ ಸೋಂಪು. ಹಬ್ಬದ ಪಾಯಸಕ್ಕೇ ಎರಡೆಂದರೆ ಎರಡು ಏಲಕ್ಕಿ ಹಾಕುವ ಮನೆಯ ಮಕ್ಕಳು ದಿನಾ ಸಂಜೆ ಏಲಕ್ಕಿ ಜಗಿದುಕೊಂಡು ಬರುತ್ತಿದ್ದರು. ಇಷ್ಟು ದೊಡ್ಡ ಮೂಗು ಇಟ್ಟುಕೊಂಡು ನನಗೆ ಅನುಮಾನ ಬರಬೇಡವೇ? ಬಂತು. ಬಂದರೂ ಅದನ್ನು ಒಳಗೇ ಅದುಮಿದೆ. ಎಣ್ಣೆ ವಾಸನೆ ಇಲ್ಲ ತಾನೇ, ರೂಲ್ಸ್ ರೂಲ್ಸೇ ಅಂತ ಸಮಾಧಾನ ಹೇಳಿಕೊಂಡೆ. ಇನ್ನೊಂದು ಮನೆಯ ಹಾಲನ್ನು ಹಿತ್ತಿಲಿಗೆ ಚೆಲ್ಲಿಸುವ ಧೈರ್ಯವೂ ನನಗಿರಲಿಲ್ಲ. ಮುಂದಿನ ಮೀಟಿಂಗಿನಲ್ಲಿ ‘ಊರು ಸರಿಹೋಯ್ತು ನೋಡ್ರಮ್ಮ’ ಅಂತ ಹೇಳಿ, ಮತ್ತೆ ಚಪ್ಪಾಳೆ ತಟ್ಟಿಸಿಕೊಂಡೆ.

ನಮ್ಮ ಎದುರುಮನೆಯವಳು ಮುಳಬಾಗಿಲಿನ ಕಡೆಯಿಂದ ಸೊಸೆಯಾಗಿ ಬಂದವಳು. ಮನೆಮಾತು ತೆಲುಗು. ಅತ್ತಿಗೆ ಅನ್ನುವುದಕ್ಕೆ ಅವಳು ವದಿನಾ ಅನ್ನುತ್ತಾಳೆ, ನನ್ನನ್ನು ಹದಿನೈದು ವರ್ಷದಿಂದ ಹಾಗೇ ಕರೆಯುತ್ತಾಳೆ. ಗಂಡನಿಗೆ ವೇಮಗಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಅಲ್ಲೇ ರೂಮು ಮಾಡಿಕೊಂಡು ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ಅವಳು, ಒಂದು ಸೀಮೆಹಸು, ಮತ್ತೆ ಒಬ್ಬನೇ ಮಗ. ಆ ಹುಡುಗ ನನ್ನ ಮಗಳ ಕ್ಲಾಸಿನವನು. ತನಗೆ ತಂದ ಬಿಸ್ಕತ್ತಿನಲ್ಲಿ ಅರ್ಧವನ್ನು ಕರುವಿಗೆ ತಿನ್ನಿಸಿ ತಾಯಿಯಿಂದ ಬೈಸಿಕೊಳ್ಳುವ ಹುಡುಗ.

ಒಂದು ಭಾನುವಾರ ಸಂಜೆ ಸಾಲಿನಲ್ಲಿ ಅವನ ಬದಲು ಅವಳೇ ಬಂದಳು.

‘ಎಲ್ಲೇ ನಿನ್ನ ಮಗ?’ ಅಂದೆ.

‘ಹೋಳೂರಿಗೆ ಹೋಗವ್ನೆ ವದಿನಾ, ಅವರ ಅತ್ತೆ ಮನೆಗೆ.’

ಕ್ಯಾನು ಎತ್ತಿ ಕೊಡುವಾಗ ಅವಳ ಸೆರಗು ನನ್ನ ಕೈಗೆ ತಗುಲಿತು. ಒದ್ದೆಯಾಗಿತ್ತು. ಸೋಪು ಹಾಕಿ ಉಜ್ಜಿದ ವಾಸನೆ, ಅದರ ಮೇಲೆ ಏಲಕ್ಕಿ ವಾಸನೆ, ಎರಡರ ಕೆಳಗೆ ವಾಂತಿಯ ಹುಳಿ. ನನಗೆ ತಪ್ಪು ಆಗುವುದಕ್ಕೆ ಸಾಧ್ಯವೇ ಇರಲಿಲ್ಲ. ಅವಳ ಮುಖ ನೋಡಿದೆ. ಅವಳು ನನ್ನ ಮೂಗನ್ನೇ ನೋಡುತ್ತಿದ್ದಳು.

ಅವಳ ಹಿಂದೆ ಇಪ್ಪತ್ತು ಜನ ನಿಂತಿದ್ದರು. ನಾನು ಒಂದು ಮಾತು ಕೇಳಿದರೂ ಊರಿಗೆಲ್ಲ ಗೊತ್ತಾಗಿ, ಅವಳ ಹಾಲನ್ನು ನಾನೇ ನಿಲ್ಲಿಸಬೇಕಾಗುತ್ತಿತ್ತು. ಅವಳ ಹಾಲು ಅಳತೆ ಹಾಕಿ, ಚೀಟಿ ಬರೆದು ಕೊಟ್ಟು, ‘ಮುಂದೆ ಬನ್ನಿ’ ಅಂದೆ. ಅವಳು ಹೆಚ್ಚುಕಮ್ಮಿ ಓಡಿಕೊಂಡೇ ಹೋದಳು. ಆಮೇಲೆ ಸಾಲು ಕರಗುವವರೆಗೆ ಹಾಲು ಅಳೆದೆ. ಕೈ ಅದರಷ್ಟಕ್ಕೆ ಅಳೆಯುತ್ತಿತ್ತು. ಸಾಲು ಮುಗಿಯುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯನ್ನು ನೆನೆದರೆ ಇವತ್ತಿಗೂ ನನ್ನ ಮೈ ತಣ್ಣಗಾಗುತ್ತದೆ.

ಡೈರಿ ಬಾಗಿಲಿಗೆ ಬೀಗವನ್ನೂ ಹಾಕದೆ ಅವಳ ಮನೆಗೆ ಓಡಿದೆ. ಬಾಗಿಲಿಗೆ ಅಡ್ಡ ನಿಂತಳು.

‘ಏನಿಲ್ಲ ವದಿನಾ, ಮನೇಲಿ ಯಾರೂ ಇಲ್ಲ.’

‘ಸರಿ ಪಕ್ಕಕ್ಕೆ.’

‘ದೇವುಡಾ... ಏನಿಲ್ಲ ಅಂತಿದೀನಲ್ಲ, ನಿನ್ನ ಕಾಲು ಹಿಡ್ಕೋತೀನಿ, ಹೋಗು ವದಿನಾ.’

ಅಷ್ಟರಲ್ಲಿ ದನದ ಕೊಟ್ಟಿಗೆಯಿಂದ ಒಂದು ಸದ್ದು ಬಂತು. ಗೊರ್... ಅಂತ ಎಳೆದು, ನಿಂತು, ಎಷ್ಟೋ ಹೊತ್ತಿನ ಮೇಲೆ ಮತ್ತೆ ಗೊರ್. ಹಸುವಿನ ಸದ್ದಲ್ಲ ಅದು. ಅವಳನ್ನು ತಳ್ಳಿಕೊಂಡು ಹೋದೆ. ಹುಲ್ಲಿನ ಹೊರೆಗಳ ಹಿಂದೆ, ದಾರಿಯಿಂದ ನೋಡಿದರೆ ಕಾಣದ ಹಾಗೆ, ಗೋಣಿಚೀಲದ ಮೇಲೆ ಹುಡುಗನನ್ನು ಅಂಗಾತ ಮಲಗಿಸಿದ್ದಳು. ತುಟಿ ನೀಲಿಯಾಗಿತ್ತು. ಪಕ್ಕದಲ್ಲಿ ಮಜ್ಜಿಗೆ ಲೋಟ, ಹಿಂಡಿದ ನಿಂಬೆಹೋಳು. ಬಾಯಿಯ ಮೂಲೆಯಲ್ಲಿ ಏಲಕ್ಕಿ ಸಿಪ್ಪೆ ಅಂಟಿಕೊಂಡಿತ್ತು. ಎಚ್ಚರ ತಪ್ಪಿದ ಮಗನ ಬಾಯಿಗೆ ಏಲಕ್ಕಿ ತುರುಕಿದ್ದಳು ಮಹಾತಾಯಿ, ನನ್ನ ಮೂಗಿಗೆ ಹೆದರಿ.

ಕರುವಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವಾಗ ನೆತ್ತಿಗೆ ಹತ್ತಿದರೆ ತಕ್ಷಣ ಮಗ್ಗುಲಿಗೆ ಹೊರಳಿಸಿ ತಲೆ ತಗ್ಗಿಸಬೇಕು ಅಂತ ನಮಗೆ ಕೈಗೇ ಗೊತ್ತು. ಕೈ ಅದನ್ನೇ ಮಾಡಿತು. ಹೊರಳಿಸಿ ಬಾಯಿಗೆ ಬೆರಳು ಹಾಕಿದೆ. ಮಜ್ಜಿಗೆ, ಸಿಪ್ಪೆ, ವಾಂತಿ ಎಲ್ಲ ಹೊರಗೆ ಬಂತು. ಆಗ ಅವನು ಒಂದು ಉಸಿರು ಎಳೆದ. ಮೈ ಮುಟ್ಟಿದರೆ ರಾತ್ರಿಯೆಲ್ಲ ಹೊರಗಿಟ್ಟ ಕ್ಯಾನಿನಂತೆ ತಣ್ಣಗಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಬರುತ್ತದೆ, ದೂರದಿಂದ ಬರಬೇಕು ಅಂದರು. ಕಾಯುವ ಧೈರ್ಯ ನನಗಿರಲಿಲ್ಲ. ಚಾಚಾ ಕ್ಯಾನುಗಳನ್ನು ತುಂಬಿಕೊಂಡು ಇನ್ನೇನು ಹೊರಡುವುದರಲ್ಲಿದ್ದರು. ನಾನು ಕೂಗಿದ ಧ್ವನಿಗೆ ಏನು ಅಂತಲೂ ಕೇಳದೆ, ಕ್ಯಾನುಗಳನ್ನು ರಸ್ತೆಬದಿಗೆ ಇಳಿಸಿ ಆಟೋ ತಂದು ನಿಲ್ಲಿಸಿದರು. ಹಿಂದಿನ ತಗಡಿನ ಮೇಲೆ ಗೋಣಿಚೀಲ ಹಾಸಿ, ಅವನ ತಲೆಯನ್ನು ನನ್ನ ತೊಡೆಯ ಮೇಲೆ ಮಗ್ಗುಲಾಗಿ ಇಟ್ಟುಕೊಂಡು ಕೂತೆ. ತಾಯಿ ಅವನ ಪಾದ ಹಿಡಿದು ತಿಕ್ಕುತ್ತಾ ‘ಲೆಯ್ ನಾಯನಾ, ಲೆಯ್’ ಅನ್ನುತ್ತಲೇ ಇದ್ದಳು. ಏಳಪ್ಪಾ, ಏಳು ಅಂತ.

ಮಾಲೂರಿನ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಅಂಥ ಭಯವನ್ನು ನಾನು ಅದಕ್ಕೆ ಮುಂಚೆ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ರೈಲು ಕಾಣುತ್ತಿಲ್ಲ, ಸದ್ದೂ ಇಲ್ಲ, ಗೇಟು ಮಾತ್ರ ಬಿದ್ದಿದೆ. ಅವನ ಉಸಿರು ನಿಲ್ಲುತ್ತಿತ್ತು. ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದೆ. ಆರಕ್ಕೋ ಏಳಕ್ಕೋ ಮತ್ತೆ ಎಳೆಯುತ್ತಿದ್ದ. ಒಂದು ಸಲ ಹತ್ತಕ್ಕೆ ಹೋಯಿತು. ಆಗ ಅವನ ಕೆನ್ನೆಗೆ ಹೊಡೆದೆ. ‘ಉಸಿರಾಡೋ ಲೋ, ಉಸಿರಾಡೋ’ ಅಂತ ಹೊಡೆದೆ. ಚಾಚಾ ಆಟೋ ಇಳಿದು ಗೇಟಿನ ಹತ್ತಿರ ಓಡಿಹೋಗಿ ಅಂಗಲಾಚಿದರು. ಆದರೆ ರೈಲು ಬರುವ ಹೊತ್ತಿಗೆ ಗೇಟು ಯಾರ ಮಾತಿಗೂ ಏಳುವುದಿಲ್ಲ. ರೈಲು ಹೋಯಿತು. ಎಷ್ಟು ಬೋಗಿಗಳಿದ್ದವು ಅದಕ್ಕೆ, ಮುಗಿಯುವಂತೆಯೇ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಆಮ್ಲಜನಕ ಹಾಕಿಸಿ, ತಾಯಿಯ ಕಡೆ ತಿರುಗಿದರು.

‘ಏನು ಕುಡಿದ? ಎಷ್ಟು ಹೊತ್ತಾಯ್ತು?’

‘ಬಿಸ್ಲು ಹೊಡ್ದಿದೆ ಮೇಡಂ. ಹೊಟ್ಟೆ ಕೆಟ್ಟಿತ್ತು.’

‘ಕುಡಿದಿರೋದು ಗೊತ್ತಾಗ್ತಿದೆಯಮ್ಮ. ಅದರ ಜೊತೆ ಮಾತ್ರೆ ಏನಾದ್ರೂ ತಗೊಂಡಿದ್ನಾ? ಬರೀ ಕುಡಿತಕ್ಕೆ ಉಸಿರು ಇಷ್ಟು ಇಳಿದಿದೆ ಅಂತ ನನಗೆ ಅನ್ನಿಸ್ತಿಲ್ಲ. ಸರಿಯಾಗಿ ಹೇಳಿ, ಅದರ ಮೇಲೆ ಅವನ ಜೀವ ನಿಂತಿದೆ.’

ಅವಳು ಡಾಕ್ಟರಮ್ಮನ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿದಳು. ಮಗನ ಉಸಿರು ಕಡಿಯುತ್ತಿದೆ, ಹೆತ್ತವಳು ನನ್ನ ಮುಖ ನೋಡಿಕೊಂಡು ಸುಮ್ಮನೆ ನಿಂತಿದ್ದಾಳೆ. ಯಾಕೆ ಅಂತ ನನಗೆ ಅರ್ಥವಾಗುವುದಕ್ಕೇ ಒಂದು ಗಳಿಗೆ ಹಿಡಿಯಿತು.

‘ವದಿನಾ,’ ಅಂದಳು, ‘ನಾಳೆ ನಮ್ಮ ಹಾಲು ತಗೊತೀಯಾ?’

ನನ್ನ ಜೋರು ಬಾಯಿ ಅಲ್ಲೇ ಸತ್ತುಹೋಯಿತು.

‘ತಗೊತೀನಿ ಕಣೇ. ನಾಳೆನೂ ತಗೊತೀನಿ, ನಾಡಿದ್ದೂ ತಗೊತೀನಿ. ಹೇಳೇ, ದಮ್ಮಯ್ಯ ಹೇಳೇ.’

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸೀರೆಯ ಮಡಿಕೆ ಬಿಚ್ಚಿದಳು. ಅದರೊಳಗಿನಿಂದ ಖಾಲಿಯಾದ ಮಾತ್ರೆ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಹುಡುಗರು ಎಲ್ಲಿಂದಲೋ ತಂದು ಎಣ್ಣೆಗೆ ಬೆರೆಸಿದ್ದ ನಿದ್ದೆ ಮಾತ್ರೆ. ಮಗನ ಜೇಬಿನಲ್ಲಿ ಸಿಕ್ಕಿದ್ದನ್ನು ಯಾರಿಗೂ ಕಾಣದ ಹಾಗೆ ಅಲ್ಲಿ ಇಟ್ಟುಕೊಂಡಿದ್ದಳು. ಹಾಲು ಹಾಕುವುದಕ್ಕೆ ಬಂದು ನನ್ನೆದುರು ನಿಂತಾಗಲೂ ಅದು ಅವಳ ಸೊಂಟದಲ್ಲೇ ಇತ್ತು.

ಡಾಕ್ಟರಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ಹೆಸರು ಓದಿಕೊಂಡರು. ನರ್ಸಿಗೆ ಏನೋ ಹೇಳಿದರು, ಎಲ್ಲರೂ ಒಮ್ಮೆಲೇ ಬೇಗ ಬೇಗ ಓಡಾಡತೊಡಗಿದರು. ಅಲ್ಲಿಂದ ಅವನನ್ನು ಕೋಲಾರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಎರಡು ದಿನ ಏನೂ ಹೇಳುವುದಕ್ಕಾಗುವುದಿಲ್ಲ ಅಂದರು. ಮೂರನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟು, ಕರುವಿಗೆ ಯಾರು ಹುಲ್ಲು ಹಾಕಿದ್ದು ಅಂತ ಕೇಳಿದನಂತೆ.

ಹುಲ್ಲು ಹಾಕಿದ್ದು ನನ್ನ ಮಗಳು. ಆ ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಕೊನೆಗೆ ಕೊಟ್ಟಿಗೆಯಲ್ಲೇ ಹಿಡಿದು ನಿಲ್ಲಿಸಿ ಏನೇ ಆಯಿತು ಅಂತ ಕೇಳಿದೆ.

‘ಮೂರೂವರೆಗೇ ನೋಡಿದ್ದೆ ಅಮ್ಮ, ಅವನ ಜೊತೆ ಹುಡುಗ್ರು ಅವನನ್ನ ಮನೆಗೆ ಎತ್ಕೊಂಡು ಬರ್ತಿದ್ರು.’

‘ನನಗ್ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀನು ಅವರ ಹಾಲು ನಿಲ್ಲಿಸ್ತಿದ್ದೆ.’

ಮೂರೂವರೆಯಿಂದ ಆರರವರೆಗೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ನನಗೆ ಹೆದರಿಕೊಂಡು ಬಾಯಿ ಮುಚ್ಚಿಕೊಂಡಿದ್ದಳು.

ಮರುದಿನ ಜಗಲಿಯ ಮೇಲೆ ನಾನೇ ಎದ್ದು ನಿಂತು, ಆ ರೂಲ್ಸು ನನ್ನದು, ತಪ್ಪೂ ನನ್ನದು, ಇವತ್ತಿನಿಂದ ಅದು ಇಲ್ಲ ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ಒಬ್ಬಳು ಮೆಲ್ಲಗೆ ‘ನಮ್ಮನೇಲೂ ಒಬ್ಬ ಅವ್ನೆ ಅಕ್ಕಾ’ ಅಂದಳು. ಇನ್ನೊಬ್ಬಳು ‘ನಮ್ಮದೂ’ ಅಂದಳು. ಅವತ್ತು ಐದು ಮನೆಗಳು ಬಾಯಿ ಬಿಟ್ಟವು. ಏಲಕ್ಕಿಯ ಕೆಳಗೆ ಇಷ್ಟು ದಿನ ಇದ್ದದ್ದು ಅದು. ಚಾಚಾ ಆಟೋಗೆ ಒರಗಿಕೊಂಡೇ ನಿಂತಿದ್ದರು. ಅವರ ಹತ್ತಿರ ಹೋಗಿ ‘ನೀವು ಹೇಳಿದ್ರಿ’ ಅಂದೆ. ‘ಬಿಡಮ್ಮಾ, ಹುಡ್ಗ ಉಳ್ಕೊಂಡ್ನಲ್ಲ’ ಅಂದರು. ಯಾವ ಹೊತ್ತಿನಲ್ಲಿ ಯಾರ ಮನೆಯಿಂದ ಕರೆ ಬಂದರೂ ಗಾಡಿ ತರುತ್ತೇನೆ, ಯಾಕೆ ಅಂತ ಕೇಳುವುದಿಲ್ಲ ಅಂತಲೂ ಹೇಳಿದರು.

ಆ ಐವರಲ್ಲಿ ಮೂವರನ್ನು ಕೋಲಾರದ ಆಸ್ಪತ್ರೆಗೆ ವಾರಕ್ಕೊಂದು ದಿನ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಮಕ್ಕಳ ಜೊತೆ ಕೂತು ಮಾತಾಡುವವರಿದ್ದಾರೆ. ಉಳಿದ ಇಬ್ಬರು ಇನ್ನೂ ಬರುವುದಕ್ಕೆ ಒಪ್ಪಿಲ್ಲ. ಅಂಗಡಿಗಳಿಗೆ ಮತ್ತೆ ಪೊರಕೆ ತೆಗೆದುಕೊಂಡು ಹೋಗಲಿಲ್ಲ. ಅವರೆಕಾಯಿ ಮೊರ ತೆಗೆದುಕೊಂಡು ಹೋದೆವು. ದಿನಾ ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಸರದಿಯ ಮೇಲೆ ಇಬ್ಬಿಬ್ಬರು ಅಂಗಡಿಯ ಎದುರು ಜಗಲಿಯಲ್ಲಿ ಕೂತು ಕಾಯಿ ಸುಲಿಯುವುದು, ಬೇಳೆ ಹಿತುಕುವುದು. ಅವರೆ ಮುಗಿದ ಮೇಲೆ ಹುಣಸೆಹಣ್ಣು ಬಿಡಿಸುವುದು. ಮನೆಯಲ್ಲಿ ಮಾಡುವ ಕೆಲಸವನ್ನೇ ಅಲ್ಲಿ ಮಾಡುವುದು, ಅಷ್ಟೇ. ಇಬ್ಬರು ಹೆಂಗಸರು ನೆಟ್ಟ ದೃಷ್ಟಿಯಿಂದ ನೋಡುತ್ತಾ ಕೂತಿದ್ದರೆ ಡಬ್ಬಿಯ ಹಿಂದಕ್ಕೆ ಕೈ ಹಾಕುವುದು ಸುಲಭವಲ್ಲ. ಒಂದು ಅಂಗಡಿಯಲ್ಲಿ ಪ್ಯಾಕೆಟ್ ನಿಂತಿದೆ. ಇನ್ನೊಂದರ ಮೇಲೆ ನನಗೆ ಇನ್ನೂ ನಂಬಿಕೆಯಿಲ್ಲ.

ನನ್ನ ಭಯವೂ ಹೋಗಿಲ್ಲ. ಹಬ್ಬದ ದಿನ ಪಾಯಸಕ್ಕೆ ಏಲಕ್ಕಿ ಕುಟ್ಟುವಾಗ ಆ ಕೊಟ್ಟಿಗೆಯ ಸದ್ದು ಕಿವಿಗೆ ಬರುತ್ತಿತ್ತು. ಈಗ ನಮ್ಮ ಮನೆಯಲ್ಲಿ ಏಲಕ್ಕಿ ಇಲ್ಲದ ಪಾಯಸವೇ ಆಗುವುದು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಸಂಜೆ ಹಾಲು ತಂದ ದಿನವನ್ನೂ ಹೇಳಬೇಕು. ಅರ್ಧ ಆಗಿಹೋಗಿದ್ದ. ಶರ್ಟು ಹೆಗಲಿನಿಂದ ಜಾರುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಸುಮ್ಮನಾಗಿ ದಾರಿ ಬಿಟ್ಟರು. ಅವನು ಸೀದಾ ನನ್ನ ಮುಂದೆ ಬಂದು ನಿಂತ. ರೂಲ್ಸು ತೆಗೆದದ್ದು ಅವನಿಗೆ ಯಾರೂ ಹೇಳಿರಲಿಲ್ಲ. ಕ್ಯಾನನ್ನು ಕೆಳಗಿಡುವ ಮೊದಲೇ, ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡೇ, ಕಣ್ಣು ಮುಚ್ಚಿ ನನ್ನ ಮುಂದೆ ಬಾಯಿ ತೆರೆದ.